ಎರಡು ಕೊಡ ಹೊಳೆ ನೀರು

ಕೀಲಿ ತಿರುವಿದ ಕೂಡಲೇ ಎಂಜಿನ್ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಶುರುವಾಯಿತು. ಸುಡುಬಿಸಿಲಿನಲ್ಲಿ ವೈಪರ್ ಒಣಗಾಜನ್ನು ಕೆರೆಯತೊಡಗಿತು. ಇಂಡಿಕೇಟರ್ ತನ್ನ ಪಾಡಿಗೆ ತಾನು ಮಿಟುಕಿಸಿತು. ಹಾರ್ನ್ ಅಂತೂ ಯಾರೂ ಮುಟ್ಟದೆಯೇ ಬಾಯಿ ಬಡಿದುಕೊಳ್ಳತೊಡಗಿತು. ಎದುರಿನ ಚಹಾದಂಗಡಿಯಲ್ಲಿ ಕೂತವರೆಲ್ಲ ತಿರುಗಿ ನೋಡಿದರು.

"ಬಂದ್ ಮಾಡಣ್ಣ, ಬಂದ್ ಮಾಡು!" ಎನ್ನುತ್ತ ಮನೋಹರ ಬ್ಯಾಟರಿಯ ವೈರನ್ನು ಕಿತ್ತ. ಸದ್ದು ನಿಂತಿತು. ಹೊಸಪೇಟೆಯಲ್ಲಿ ಕಾರಿನ ಕರೆಂಟ್ ಕೆಲಸಕ್ಕೆ ಅವನನ್ನು ಬಿಟ್ಟರಿಲ್ಲ ಎನ್ನುತ್ತಿದ್ದರು. ಅವನೇ ಈಗ ತಲೆ ಕೆರೆದುಕೊಳ್ಳುತ್ತ ಬಾನೆಟ್ಟಿನ ಕೆಳಗೆ ಬಗ್ಗಿದ್ದ.

ಹಾಲೇಶ ಡ್ರೈವರ್ ಸೀಟಿನಲ್ಲಿ ಹಾಗೆಯೇ ಒರಗಿ ಕಣ್ಣು ಮುಚ್ಚಿದ. ಆರು ದಿನದಿಂದ ಇದೇ ಆಗಿತ್ತು. ವಿಮೆ ಕಂಪನಿಗೆ ಫೋನು ಮಾಡುವುದು, ಒಂದು ಒತ್ತಿ, ಎರಡು ಒತ್ತಿ ಅಂತ ಅದು ಹೇಳಿದ್ದನ್ನೆಲ್ಲ ಒತ್ತುವುದು, ಕೊನೆಗೆ ಯಾರೋ ಹುಡುಗಿ ನಾಳೆ ಎನ್ನುವುದು. ಹಂಪಿಗೆ ಜನ ಬರುವ ಸೀಜನ್ ಇದು. ಡಿಸೆಂಬರಿನ ಬುಕಿಂಗ್‌ಗಳನ್ನೆಲ್ಲ ತನ್ನೂರು ಕಡ್ಡಿರಾಂಪುರದ ಬೇರೆ ಡ್ರೈವರುಗಳಿಗೆ ಒಂದೊಂದಾಗಿ ಬಿಟ್ಟುಕೊಡುತ್ತ ಬಂದಿದ್ದ. ಮನೆಯಲ್ಲಿ ನಾಲ್ಕು ಜನರ ಊಟ ನಡೆಯುತ್ತಿದ್ದುದು ಈ ಒಂದು ಗಾಡಿಯ ಮೇಲೆ.

"ಇಲ್ಲಿ ಬಾರಣ್ಣ ಸ್ವಲ್ಪ."

ಮನೋಹರ ಫ್ಯೂಸ್ ಬಾಕ್ಸಿನ ಮುಚ್ಚಳ ತೆಗೆದು ಟಾರ್ಚು ಹಿಡಿದಿದ್ದ. ಒಳಗೆ ಸಣ್ಣ ಸಣ್ಣ ಪಿನ್ನುಗಳ ನಡುವೆ ಹಳದಿ ಬಣ್ಣದ ಕೆಸರು ಒಣಗಿ ಕೂತಿತ್ತು.

"ಫ್ಯೂಸ್ ಬಾಕ್ಸಿನ್ಯಾಗ ಇಲಿ ಸತ್ತಿದ್ದು ನೋಡೀನಿ, ಇರುವಿ ಗೂಡು ಕಟ್ಟಿದ್ದು ನೋಡೀನಿ. ಅರಿಶಿಣ ನೋಡಿದ್ದು ಇದ ಮೊದಲು."

ಹಾಲೇಶ ಬಗ್ಗಿ ನೋಡಿದ. ಅದು ಎಲ್ಲಿಂದ ಬಂತೆಂದು ಅವನಿಗೆ ಗೊತ್ತಿತ್ತು.

ಭಾನುವಾರ ಸಂಡೂರಿನ ಏರಿನಲ್ಲಿ ಅದಿರು ತುಂಬಿದ ಲಾರಿಯೊಂದು ಹಿಂದಕ್ಕೆ ಜಾರಿ ಬಂದು ಅವನ ಗಾಡಿಯ ಮೂತಿಗೆ ಕೂತಿತ್ತು. ಒಂದು ಹೆಡ್‌ಲೈಟ್ ಪುಡಿಯಾಯಿತು, ಬಾನೆಟ್ ಮಡಚಿಕೊಂಡು ಅಂಗೈ ಹೋಗುವಷ್ಟು ಬಾಯಿ ಬಿಟ್ಟಿತು. ಲಾರಿಯವನು ನಿಲ್ಲಲಿಲ್ಲ. ಕೆಂಪು ಧೂಳು ಮೆತ್ತಿಕೊಂಡಿದ್ದ ನಂಬರ್ ಪ್ಲೇಟು ಕಾಣಲೂ ಇಲ್ಲ. ಆದರೆ ಗಾಡಿ ಓಡಿತು. ಹಾಲೇಶ ಅದನ್ನು ನಿಧಾನಕ್ಕೆ ಓಡಿಸಿಕೊಂಡು ಸಂಜೆಗೆ ಮನೆ ಮುಟ್ಟಿದ. ಮರುದಿನ ಅವನು ಏಳುವಷ್ಟರಲ್ಲಿ ಅವನ ತಾಯಿ ಮುದುಕಮ್ಮ ಹಂಪಿಗೆ ಆಟೋದಲ್ಲಿ ಹೋಗಿ ಎರಡು ಕೊಡ ಹೊಳೆ ನೀರು ತಂದಿದ್ದಳು. ಅದಕ್ಕೆ ಅರಿಶಿನ ಕದಡಿ, ಮಗನ ಜೀವ ಉಳಿಸಿದ ಗಾಡಿಯ ಕೆಟ್ಟ ದೃಷ್ಟಿ ತೊಳೆದುಹೋಗಲಿ ಎಂದು ಬಾನೆಟ್ಟಿನ ಮೇಲೆ ಪೂರ್ತಿ ಸುರಿದಿದ್ದಳು. ಹಾಲೇಶ ಹೊರಗೆ ಬಂದಾಗ ಬಾನೆಟ್ಟಿನ ಸಂದಿಯೊಳಕ್ಕೆ ನೀರು ಇನ್ನೂ ಇಳಿಯುತ್ತಿತ್ತು. ಮೇಲೆ ಮೂರು ಬೆರಳಿನ ವಿಭೂತಿ ಇತ್ತು. ಗಾಡಿ ಆಮೇಲೆ ಚಾಲೂ ಆಗಲೇ ಇಲ್ಲ.

ಇದು ನೀರಿನಿಂದಾದದ್ದೆಂದು ಅವನು ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಅದಕ್ಕೆ ಕಾರಣವಿತ್ತು. ದೀಪಾವಳಿಯ ಹೊತ್ತಿಗೆ ಮುದುಕಮ್ಮ ಗ್ಯಾಸ್ ಹಚ್ಚಿಟ್ಟು ಮರೆತು ಪಕ್ಕದ ಮನೆಗೆ ಹೋಗಿದ್ದಳು. ಅಂದಿನಿಂದ ಹಾಲೇಶನ ಹೆಂಡತಿ ಸುನಿತಾ ಅತ್ತೆಯನ್ನು ಒಲೆಯ ಹತ್ತಿರ ಬಿಡುತ್ತಿರಲಿಲ್ಲ. 'ಅತ್ತೀಗೆ ಮರವು ಬಂದೈತಿ' ಎಂಬ ಮಾತು ಓಣಿಯಲ್ಲೆಲ್ಲ ಓಡಾಡಿತ್ತು. ಆಮೇಲೆ ಮುದುಕಮ್ಮ ಕೂತಲ್ಲಿ ನಿಂತಲ್ಲಿ ತನ್ನ ನೆನಪನ್ನು ಸಾಬೀತು ಮಾಡತೊಡಗಿದಳು. ಯಾರ ಮದುವೆ ಯಾವ ವಾರ, ಯಾವ ಎಮ್ಮೆ ಯಾವ ತಿಂಗಳು ಈಯಿತು, ಎಲ್ಲ ಹೇಳುವಳು. ಕೇಳುವವರಿಗೆ ಬೇಜಾರು. ಹಾಲೇಶ ಮಾತ್ರ ಕೂತು ಕೊನೆಯವರೆಗೂ ಕೇಳುತ್ತಿದ್ದ.

"ವೈರಿಂಗ್ ಪೂರಾ ಹೋಗೈತಿ, ಕಂಪ್ಯೂಟರ್ ಡಬ್ಬೀನೂ ಹೋಗೈತಿ" ಎಂದ ಮನೋಹರ. "ಅರವತ್ತು ಸಾವಿರಕ್ಕ ಕಮ್ಮಿ ಇಲ್ಲ. ವಿಮಾ ಕಂಪನಿ ಸರ್ವೇಯರ್ ಬಂದು ಈ ಅರಿಶಿಣ ನೋಡಿದ್ರ ಬಂಪರ್, ಲೈಟು, ಬಾನೆಟ್ ಅಷ್ಟ ಬರಕೋತಾರ. ಗುದ್ದಿದ್ದಕ್ಕ ವೈರಿಂಗ್ ಸುಡ್ತು ಅಂದ್ರ ಎಲ್ಲಾ ಬರ್ತದ. ಒರಸಲೇನು?"

ಹಾಲೇಶ ರಸ್ತೆಯ ಕಡೆ ನೋಡಿದ.

"ಒರಸು" ಎಂದ.

ಮನೋಹರ ಬಟ್ಟೆಯನ್ನು ಪೆಟ್ರೋಲಿನಲ್ಲಿ ಅದ್ದಿ, ಬ್ರಷ್ಷಿನಿಂದ ಕೆದರಿ ಕೆದರಿ ಒರೆಸಿದ. ಹಳದಿಯಾದ ಬಟ್ಟೆಯನ್ನು ಮೇಜಿನ ಮೇಲೆ ಎಸೆದ.

ಅಷ್ಟರಲ್ಲಿ ಮುದುಕಮ್ಮ ಬಂದಳು. ಕೈಯಲ್ಲಿ ರೊಟ್ಟಿಯ ಗಂಟು. ಕಡ್ಡಿರಾಂಪುರದಿಂದ ಒಬ್ಬಳೇ ಬಸ್ಸಿನಲ್ಲಿ ಬಂದು, ಸ್ಟ್ಯಾಂಡಿನಿಂದ ನಡೆದುಕೊಂಡು ಗ್ಯಾರೇಜು ಹುಡುಕಿದ್ದಳು.

"ಯಾರನ್ನೂ ಕೇಳಲಿಲ್ಲ ನೋಡು" ಎಂದಳು ಗೆದ್ದವಳ ಹಾಗೆ. "ಟೈರಿನಂಗಡಿ ದಾಟಿ ಮೂರನೇದು ಅಂತ ನೀ ಮೊನ್ನಿ ಫೋನಿನ್ಯಾಗ ಯಾರಿಗೋ ಹೇಳಿದ್ದಿ, ನೆನಪಿತ್ತು."

"ಯಾಕ ಬಂದಿ ಅವ್ವಾ ಬಿಸಲಾಗ?"

"ನೀ ಉಂಡಿಲ್ಲಲ್ಲ. ಗಾಡೀನೂ ನೋಡಿದಂಗಾಗ್ತದ."

ಅವಳನ್ನು ಮನೆಗೆ ಕಳಿಸುವ ಉಪಾಯ ಹಾಲೇಶನಿಗೆ ಹೊಳೆಯುವ ಮೊದಲೇ ಸ್ಕೂಟರೊಂದು ಬಂದು ನಿಂತಿತು. ಸರ್ವೇಯರ್ ವೆಂಕೋಬರಾವ್, ವಿಮೆ ಕಂಪನಿಯ ಪರವಾಗಿ ನಷ್ಟ ಅಳೆಯುವವರು. ಹಣೆಯಲ್ಲಿ ಬೆಳಗಿನ ಅಕ್ಷತೆ, ಅಂಗಾರ ಇನ್ನೂ ಮಾಸಿರಲಿಲ್ಲ. ಮೃದುವಾದ ಮನುಷ್ಯ. ಗಾಡಿಯ ಸುತ್ತ ಎರಡು ಸುತ್ತು ಬಂದು, ಫೋನಿನಲ್ಲಿ ಫೋಟೋ ಹೊಡೆದು, ಸ್ಟೂಲಿನ ಮೇಲೆ ಕೂತು ಫೈಲು ಬಿಚ್ಚಿದರು.

"ಗುದ್ದಿದ ಮ್ಯಾಲೆ ಗಾಡಿ ಸ್ಟಾರ್ಟ್ ಆಗ್ಲೇ ಇಲ್ಲಲ್ರೀ?"

"ಇಲ್ರೀ ಸರ್" ಎಂದ ಹಾಲೇಶ. "ಅಲ್ಲೇ ಬಂದಾತು. ಎಳಿಸಿಕೊಂಡ ಬಂದ್ವಿ."

"ಯಾಕ, ಆಗಲಿಲ್ಲೇನು?" ಮುದುಕಮ್ಮ ಮುಂದೆ ಬಂದಳು. "ಐತವಾರ ಸಂಜಿಕ ನೀನ ಓಡಿಸ್ಕೊಂಡು ಬಂದೀ. ಬಾಗಲದಾಗ ಹಾರ್ನ್ ಹೊಡದಿ. ನಾನ ಗೇಟ್ ತಗದೆ. ಸೋಮವಾರ ಬೆಳಿಗ್ಗಿ ನಾ ಎರಡು ಕೊಡ ಹೊಳಿ ನೀರು ತಂದು, ಅರಿಶಿಣ ಕಲಸಿ ಸುರುವಿದೆ. ಎಲ್ಲಾ ನೆನಪೈತಿ ನನಗ."

ಮನೋಹರ ಕೈಯಲ್ಲಿದ್ದ ಸ್ಪ್ಯಾನರನ್ನು ಸುಮ್ಮನೆ ತಿರುಗಿಸತೊಡಗಿದ. ವೆಂಕೋಬರಾಯರು ಪೆನ್ನು ಎತ್ತಿ ಹಿಡಿದು ಮಗನನ್ನು ನೋಡಿದರು, ತಾಯಿಯನ್ನು ನೋಡಿದರು. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವರು ಅವರು. ದನಿ ತಗ್ಗಿಸಿದರು.

"ನೋಡ್ರಿ ಹಾಲೇಶ್, ಅಮ್ಮಾರಿಗೆ ವಯಸ್ಸಾಗ್ಯದ. ಹಿಂದಿಂದು ಮುಂದಿಂದು ಕೂಡಿಸಿ ಹೇಳ್ತಿರಬಹುದು. ನಮ್ಮ ಮನ್ಯಾಗೂ ಅದ ಹಿಂಗ. ಮರೀತಾರ ಅಂತ ನೀವ್ ಒಂದ್ ಮಾತು ಹೇಳಿದ್ರ ಸಾಕು, ನೀವು ಮೊದಲ ಹೇಳಿದ್ದ ಬರಕೋತೀನಿ."

ದನಿ ಎಷ್ಟು ತಗ್ಗಿಸಿದರೇನು, ಮುದುಕಮ್ಮನ ಕಿವಿ ಮಂದವಾಗಿರಲಿಲ್ಲ. ಅವಳು ಮಗನ ಮುಖ ನೋಡಿದಳು. ಈಗಷ್ಟೇ ಗೆದ್ದವಳ ಹಾಗೆ ಬಂದಿದ್ದ ಮುಖ ಅವಳದು. ಅದರಲ್ಲೀಗ ಒಲೆಯ ಹತ್ತಿರ ಬರಬೇಡ ಎಂದು ಸೊಸೆ ಅಂದ ದಿನದ ಹೆದರಿಕೆ ಬಂದು ಕೂತಿತ್ತು.

ಅರವತ್ತು ಸಾವಿರ. ಹೂಂ ಅಂದರೆ ಮುಗಿಯಿತು. ಹಾಲೇಶನಿಗೆ ತುಂಬ ದಣಿವಾಯಿತು.

"ಅವ್ವ ಹೇಳಿದ್ದು ಖರೆ ಸರ್" ಎಂದ. "ಆಕಿಗೆ ಯಾವ ಮರವೂ ಇಲ್ಲ. ಸುಳ್ಳು ಹೇಳಿದಾವ ನಾನು."

ವೆಂಕೋಬರಾಯರು ಫೈಲಿನ ಹಾಳೆ ತಿರುವಿದರು. "ಗುದ್ದಿದ್ದರಿಂದ ಆಗಿದ್ದು ಬ್ಯಾರೆ, ಆಮ್ಯಾಲೆ ಆಗಿದ್ದು ಬ್ಯಾರೆ. ನನ್ ಕೈಯಾಗ ಏನೂ ಇಲ್ರೀ" ಎಂದು ಬರೆಯತೊಡಗಿದರು. ಹಾಲೇಶ ತೋರಿಸಿದ ಕಡೆಯೆಲ್ಲ ಸಹಿ ಹಾಕಿದ.

ಅವನು ಸಹಿ ಹಾಕುತ್ತಿದ್ದಾಗ ಮುದುಕಮ್ಮ ಮೇಜಿನ ಹತ್ತಿರ ನಿಂತಿದ್ದಳು. ಹಳದಿಯಾದ ಬಟ್ಟೆಯನ್ನು ಎತ್ತಿ ನೋಡಿದಳು. ಮೂಗಿನ ಹತ್ತಿರ ಹಿಡಿದಳು. ಬಾಯಿ ತೆರೆದು ಕೂತಿದ್ದ ಫ್ಯೂಸ್ ಬಾಕ್ಸಿನ ಕಡೆ ಒಮ್ಮೆ ನೋಡಿ, ಬಟ್ಟೆಯನ್ನು ಇದ್ದಲ್ಲೇ ಇಟ್ಟಳು.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತ ಕೇಳಿದಳು. "ಸಹಿ ಯಾತಕ್ಕ ತಗೊಂಡ್ರು?"

"ಎಲ್ಲಾ ಪಾಸಾತು ಅಂತ ಅವ್ವಾ. ಕಂಪನಿಯವರು ಕೊಡ್ತಾರ."

"ಹೂಂ" ಎಂದಳು. ಬಾಳೆತೋಟಗಳು ಹಿಂದೆ ಸರಿದವು. ಮನೆ ಮುಟ್ಟುವವರೆಗೂ ಯಾರ ಮದುವೆಯ ವಾರವನ್ನೂ ಹೇಳಲಿಲ್ಲ.

ಆಮೇಲಿನ ಎರಡೂವರೆ ತಿಂಗಳು ಹಾಲೇಶ ಸಂಡೂರಿನ ಗಣಿಯೊಂದರ ಜೀಪು ಓಡಿಸಿದ. ಬೆಳಗಿನ ನಾಲ್ಕೂವರೆಗೆ ಎದ್ದು ಹೋಗಿ, ಸಂಜೆ ರೆಪ್ಪೆಯವರೆಗೂ ಕೆಂಪಾಗಿ ಬರುತ್ತಿದ್ದ. ಗಣಿ ಸಂಬಳವೆಲ್ಲ ಮನೋಹರನ ಗ್ಯಾರೇಜಿಗೆ ಹೋಗುತ್ತಿದೆಯೆಂದು ಸುನಿತಾಗೆ ಗೊತ್ತಿತ್ತು. ಮುದುಕಮ್ಮ ಮಾತ್ರ ಯಾಕೆ ಗಣಿಗೆ ಹೋಗ್ತೀ ಎಂದು ಒಂದು ಸಲವೂ ಕೇಳಲಿಲ್ಲ. ಸಂಜೆ ಅವನು ಬಂದೊಡನೆ ಕಾಲಿಗೆ ಬಿಸಿನೀರು ಇಡುತ್ತಿದ್ದಳು. ಅತ್ತೆ ಒಬ್ಬಳೇ ಗ್ಯಾರೇಜು ಹುಡುಕಿಕೊಂಡು ಹೋದದ್ದನ್ನು ಕೇಳಿದ ಮೇಲೆ, ನೀರು ಕಾಯಿಸಲು ಅವಳು ಒಲೆ ಹಚ್ಚಿದರೆ ಸುನಿತಾ ಬೇಡ ಅನ್ನುತ್ತಿರಲಿಲ್ಲ.

ಫೆಬ್ರವರಿಯ ಕೊನೆಗೆ ಗಾಡಿ ಮನೆಗೆ ಬಂತು. ಸೀಜನ್ ಹೆಚ್ಚುಕಡಿಮೆ ಮುಗಿದಿತ್ತು. ಹಾಲೇಶ ಬಾಗಿಲಲ್ಲಿ ನಿಲ್ಲಿಸಿ ಹಾರ್ನ್ ಒತ್ತಿದ. ಒಮ್ಮೆ ಒತ್ತಿದ್ದಕ್ಕೆ ಒಮ್ಮೆಯೇ ಕೂಗಿತು. ಮುದುಕಮ್ಮ ಗೇಟು ತೆಗೆದಳು. ಸುನಿತಾ ಪದ್ಧತಿಯಂತೆ ಅರಿಶಿನ ಕಲಸಿದ ನೀರನ್ನು ಕೊಡದ ತುಂಬ ಇಟ್ಟಿದ್ದಳು. ಹಾಲೇಶ ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದ, ಅವನಿಂದ ಬೇಡ ಎನ್ನಲಾಗಲಿಲ್ಲ.

ಮುದುಕಮ್ಮ ಕೊಡವನ್ನು ಮುಟ್ಟಲಿಲ್ಲ. ಒಳಗಿನಿಂದ ಸಣ್ಣ ತಂಬಿಗೆ ತಂದು, ಅದರಲ್ಲಿ ನೀರು ತೋಡಿಕೊಂಡು, ಬಗ್ಗಿ ನಾಲ್ಕೂ ಗಾಲಿಗಳಿಗೆ ಇಷ್ಟಿಷ್ಟೇ ಹಾಕಿದಳು.

"ಮ್ಯಾಲೆ ಹಾಕೂದಿಲ್ಲೇನು ಅತ್ತಿ?" ಎಂದಳು ಸುನಿತಾ.

"ಸಾಕು ಬಿಡು."

ಏಳುವಾಗ ತಂಬಿಗೆ ಓರೆಯಾಗಿ ನೀರು ತುಳುಕಿತು. ಒಂದು ಹನಿ ಬಾನೆಟ್ಟಿನ ಮೇಲೆ ಬಿತ್ತು. ಮುದುಕಮ್ಮ ಗಾಜಿನ ಆಚೆ ಕೂತಿದ್ದ ಮಗನನ್ನು ನೋಡದೆ, ಸೆರಗಿನ ಚುಂಗಿನಿಂದ ಅದನ್ನು ಒರೆಸಿದಳು. ಒಣಗಿದ ಮೇಲೆಯೂ ಇನ್ನೊಮ್ಮೆ ಒರೆಸಿದಳು.