ಬಿಸಿಯಿಲ್ಲದ ಗಂಟು

ಟೈಲರಕ್ಕನ ಎದೆಯಲ್ಲಿ ಗಂಟು ಕಾಣಿಸಿಕೊಂಡು ಮೂರು ವಾರವಾಗಿತ್ತು. ಮಗುವಿಗೆ ಐದು ತಿಂಗಳು. ಎಡಗಡೆ, ಕಂಕುಳಿನ ಹತ್ತಿರ, ಬಟಾಣಿಯಷ್ಟಿದ್ದದ್ದು ಈಗ ಗೋಲಿಯಷ್ಟಾಗಿತ್ತು. ನೋವಿಲ್ಲ, ಜ್ವರವಿಲ್ಲ. ಆದರೆ ಹಾಲು ಕುಡಿಸಿದ ಮೇಲೂ ಕರಗುತ್ತಿರಲಿಲ್ಲ.

ಸಲಹೆಗಳಿಗೇನೂ ಬರವಿರಲಿಲ್ಲ. "ಹಾಲು ಕಟ್ಟಿದೆ, ತಾನೇ ಹೋಗುತ್ತೆ," ಅಂದರು ಅತ್ತೆ. "ಆ ಕಡೆ ಕುಡಿಸೋದೇ ನಿಲ್ಲಿಸು," ಅಂದಳು ಅಂಗಿ ಹೊಲಿಸಲು ಬಂದ ಪಕ್ಕದ ಮನೆಯವಳು. ಕೇಳಿ ಕೇಳಿ ಟೈಲರಕ್ಕನಿಗೆ ಸಾಕುಸಾಕಾಗಿತ್ತು.

ಗಂಡ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ಎಲ್ಲಿ ವೈರು ಬಿಸಿಯಾಗಿದೆ ಎಂದು ಬಣ್ಣದಲ್ಲಿ ತೋರಿಸುವ ಥರ್ಮಲ್ ಕ್ಯಾಮೆರಾ ಅವನ ಬಳಿ ಇತ್ತು. ಒಂದು ಬೆಳಿಗ್ಗೆ ಪಾಳಿ ಮುಗಿಸಿ ಬಂದವನು ಅದನ್ನೇ ಹೆಂಡತಿಯ ಎದೆಗೆ ಹಿಡಿದ.

"ನೋಡು, ಎರಡೂ ಕಡೆ ಒಂದೇ ಬಣ್ಣ. ಗಂಟಿನ ಜಾಗದಲ್ಲಿ ಕೆಂಪೇ ಇಲ್ಲ. ಏನೂ ಇಲ್ಲ ಕಣೇ."

"ಏನೂ ಇಲ್ದಿದ್ರೆ ನನ್ನ ಕೈಗೆ ಸಿಗ್ತಿರೋದೇನ್ರೀ? ನಾನೇನು ನಿಮ್ಮ ಸ್ವಿಚ್‌ಬೋರ್ಡಾ?"

"ಯಂತ್ರ ಸುಳ್ಳು ಹೇಳುತ್ತಾ?"

ಅವಳಿಗೆ ತಲೆ ಚಿಟ್ಟು ಹಿಡಿಯಿತು. ಹೊಲಿಯುತ್ತಿದ್ದ ಅಂಗಿಯ ತೋಳನ್ನು ಅರ್ಧಕ್ಕೇ ಬಿಟ್ಟು ಮಗುವನ್ನು ಎತ್ತಿಕೊಂಡಳು. "ನಡೀರಿ, ನರ್ಸಮ್ಮನ್ನೇ ಕೇಳೋಣ."

ಆಸ್ಪತ್ರೆಯಲ್ಲಿ ನರ್ಸಮ್ಮ ಗಂಟನ್ನು ಮುಟ್ಟಿ ನೋಡಿದರು. ಕ್ಯಾಮೆರಾದ ಕಥೆ ಕೇಳಿ ಹಣೆ ಚಚ್ಚಿಕೊಂಡರು.

"ಅಯ್ಯೋ, ಮೊನ್ನೆ ಇನ್ನೊಬ್ಬಳು ಯಾವುದೋ ಕ್ಯಾಂಪಲ್ಲಿ ತೆಗೆದ ಇಂಥದ್ದೇ ಚಿತ್ರ ಕೆಂಪಾಗಿದೆ ಅಂತ ಅಳ್ತಾ ಬಂದಿದ್ಲು. ಹಾಲೂಡಿಸೋ ಎದೆ ಬೆಚ್ಚಗೇ ಇರುತ್ತಪ್ಪಾ! ಈ ಕ್ಯಾಮೆರಾ ತೋರಿಸೋದು ಚರ್ಮದ ಬಿಸಿ ಮಾತ್ರ. ಒಳಗಿರೋ ಗಂಟು ಎಂಥದ್ದು ಅಂತ ಅದು ಹೇಳಲ್ಲ. ಕೆಂಪಿದ್ರೆ ಕಾಯಿಲೆ ಅಂತಲೂ ಅಲ್ಲ, ಇಲ್ದಿದ್ರೆ ಕಾಯಿಲೆ ಇಲ್ಲ ಅಂತಲೂ ಅಲ್ಲ. ಅಲ್ಟ್ರಾಸೌಂಡ್ ಮಾಡಿಸಿ."

"ಅದರಿಂದ ಹಾಲು ಕೆಡಲ್ವಾ?" ಗಂಡ ಕೇಳಿದ.

"ಕೆಡಲ್ಲ. ಮುಗಿದ ತಕ್ಷಣ ಅಲ್ಲೇ ಕೂತು ಕುಡಿಸಬಹುದು. ಯಾರು ಏನೇ ಹೇಳ್ಲಿ, ಕುಡಿಸೋದು ನಿಲ್ಲಿಸ್ಬೇಡಮ್ಮ."

ಸ್ಕ್ಯಾನಿನಲ್ಲಿ ಹಾಲು ತುಂಬಿದ ಸಣ್ಣ ಚೀಲ ಕಂಡಿತು. ಡಾಕ್ಟರು ಸೂಜಿಯಿಂದ ದಪ್ಪನೆಯ ಹಾಲನ್ನು ಹೊರತೆಗೆದರು. ಗಂಟು ಇಳಿಯಿತು. ಭಯಪಡುವಂಥದ್ದೇನೂ ಇರಲಿಲ್ಲ.

ಮನೆಗೆ ಬರುತ್ತಲೇ ಅತ್ತೆ ಶುರು ಮಾಡಿದರು. "ಹಾಲು ಕಟ್ಟಿದೆ ಅಂತ ನಾನು ಹೇಳ್ಲಿಲ್ವಾ?"

"ಹೇಳಿದ್ರಿ ಅತ್ತೆ. ಆದ್ರೆ ನೀವು ಊಹೆ ಮಾಡಿದ್ರಿ, ಡಾಕ್ಟರು ನೋಡಿದ್ರು. ಅದು ಬೇರೆ ಏನಾದ್ರೂ ಆಗಿದ್ದಿದ್ರೆ?"

ಅತ್ತೆ ಪಕ್ಕದಲ್ಲಿ ಬಂದು ಕೂತರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. ಆಮೇಲೆ ಮಗನಿಗೆ ಕೇಳಿಸದ ಹಾಗೆ ಸೊಸೆಗೆ ಹೇಳಿದರು.

"ನನಗೂ ಒಂದಿದೆ ಕಣೇ. ಎರಡು ವರ್ಷ ಆಯ್ತು. ನೋವಿಲ್ಲ ಅಂತ ಸುಮ್ನಿದ್ದೆ."

ಟೈಲರಕ್ಕನಿಗೆ ಸಿಟ್ಟು ಬಂತೋ ಅಳು ಬಂತೋ ತಿಳಿಯಲಿಲ್ಲ. "ಎರಡು ವರ್ಷಾನಾ? ಏಳಿ ಅತ್ತೆ, ಚಪ್ಪಲಿ ಹಾಕ್ಕೊಳ್ಳಿ!" ಎಂದು ಅವರ ಕೈ ಹಿಡಿದು ಎಬ್ಬಿಸಿದಳು.

ಓದುತ್ತಿರುವ ತಾಯಂದಿರೇ, ಎದೆಯಲ್ಲಿ ಗಂಟು ಕೈಗೆ ಸಿಕ್ಕಿತೇ? ಚರ್ಮ ಕೆಂಪಾಗಿ ಜ್ವರ ಬಂದಿದೆಯೇ? ಬಣ್ಣದ ಚಿತ್ರ ನೋಡಿ ಹೆದರಬೇಡಿ, ಅದನ್ನೇ ನಂಬಿ ಸುಮ್ಮನೆಯೂ ಕೂರಬೇಡಿ. ನೋವಿಲ್ಲದಿದ್ದರೂ ಹೋಗಿ, ಡಾಕ್ಟರಿಗೆ ತೋರಿಸಿ. ನಿಮ್ಮ ಮನೆಯಲ್ಲಿ ಯಾರಾದರೂ ಹೇಳಿಕೊಳ್ಳದೆ ಕೂತಿದ್ದಾರೆಯೇ? ಇವತ್ತೇ ಕೇಳಿ.