ಬಾರಿಸದೆ ನಿಲ್ಲುವ ಪಾಠ

ಸಂಗೀತದ ವಿರಾಮ ಚಿಹ್ನೆಗಳ ಬಗ್ಗೆ ಉಪದೇಶ ಮಾಡುವುದರಲ್ಲಿ ಅಕ್ಕನನ್ನು ಮೀರಿಸುವವರು ಆ ವಾದ್ಯವೃಂದದಲ್ಲಿ ಇರಲಿಲ್ಲ. ಚೆಲ್ಲೊ ಎಂಬ ದೊಡ್ಡ ಪಿಟೀಲು ನುಡಿಸುವವಳು ಅವಳು. ಸ್ವರಲಿಪಿಯ ಗೆರೆಗೆ ನೇತುಬಿದ್ದ ಪುಟ್ಟ ಕರಿ ಪಟ್ಟಿಯನ್ನು ಬೆರಳಿಂದ ಕುಟ್ಟುತ್ತಾ, ಇದು ಖಾಲಿ ಜಾಗವಲ್ಲ, ಇದನ್ನೂ ಎಣಿಸಿ ನುಡಿಸಬೇಕು ಎಂದು ತಂಗಿಗೆ ಹೇಳಿ ಹೇಳಿ ಬಾಯಿ ಬತ್ತಿಸಿಕೊಂಡಿದ್ದಳು. ಹೇಳುವಷ್ಟು ಹೊತ್ತೂ ಅವಳ ಕಾಲು ಮೇಜಿನಡಿ ಕುಣಿಯುತ್ತಲೇ ಇರುತ್ತಿತ್ತು. ಓದೋದು ಶಾಸ್ತ್ರ, ಇಕ್ಕೋದು ಗಾಳ ಎನ್ನುವ ಪೈಕಿಯಲ್ಲ. ಸುಮ್ಮನೆ ಕೂರಲು ಬಾರದ ಜೀವ, ಅಷ್ಟೆ.

ತಂಗಿ ಹಿಂದಿನ ಸಾಲಿನಲ್ಲಿ ಸಿಂಬಲ್ ಎಂಬ ದೊಡ್ಡ ಕಂಚಿನ ತಟ್ಟೆಗಳನ್ನು ಬಾರಿಸುವವಳು. ಇಡೀ ಕೃತಿಯಲ್ಲಿ ಅವಳ ಪಾಲಿಗೆ ಒಂದೇ ಪೆಟ್ಟು. ಕೊನೆಯಲ್ಲಿ ಎಲ್ಲ ವಾದ್ಯಗಳೂ ಒಟ್ಟಿಗೆ ನಿಲ್ಲುತ್ತವೆ. ಆ ಮೌನ ಮುಗಿದ ಕ್ಷಣ ಅವಳ ಪೆಟ್ಟು, ಬೆನ್ನಿಗೇ ಉಳಿದವರು. ಆ ಹೊತ್ತಿನಲ್ಲಿ ವೃಂದ ನಡೆಸುವ ಮೇಷ್ಟ್ರು ಕೈಯ ಕೋಲನ್ನೂ ಆಡಿಸುವುದಿಲ್ಲ, ಎಲ್ಲರೂ ಮನಸ್ಸಿನಲ್ಲೇ ಎಣಿಸಬೇಕು. ತಂಗಿಗೆ ಎಣಿಕೆ ತಪ್ಪುತ್ತಿತ್ತು. ಹಾಗಾಗಿ ಅಕ್ಕ ಹಿಂದಕ್ಕೆ ತಿರುಗಿ ತಲೆಯಾಡಿಸುವುದು, ತಂಗಿ ಬಾರಿಸುವುದು ರೂಢಿಯಾಗಿಹೋಗಿತ್ತು. ಇದು ಮೇಷ್ಟ್ರ ಕಣ್ಣಿಗೆ ಬಿತ್ತು. ಮುಂದಿನ ಕಛೇರಿಯಲ್ಲಿ ನೀನೇ ಎಣಿಸಿ ಬಾರಿಸಿದರೆ ಕೆಲಸ ಖಾಯಂ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಅವರು ತಂಗಿಗೆ ಹೇಳಿದರು.

ಕಛೇರಿಯ ದಿನ ಬೆಳಗಿನಿಂದ ಅಕ್ಕನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಒರೆಸಿದ ಚೆಲ್ಲೊವನ್ನೇ ಮತ್ತೆ ಒರೆಸಿದಳು. ಊಟ ಮಾಡಿದೆಯಾ, ನಿದ್ದೆ ಬಂತಾ ಎಂದು ತಂಗಿಯ ಪ್ರಾಣ ತಿಂದಳು. ಕೊನೆಗೆ ತಂಗಿ, "ಇವತ್ತು ನನ್ನ ಕಡೆ ತಿರುಗ್ಬೇಡ ಅಕ್ಕ, ನಾನೇ ನೋಡ್ಕೋತೀನಿ" ಎಂದಳು. ಅಕ್ಕ ಮಾತು ಕೊಟ್ಟಳು.

ಸಂಜೆ ಆ ಮೌನ ಬಂತು. ಅಕ್ಕ ಎಣಿಸತೊಡಗಿದಳು. ನಡುವೆ, ಇವಳು ಸಿಂಬಲ್ ಎತ್ತಿ ಹಿಡಿದಿದ್ದಾಳೋ ಇಲ್ಲವೋ ಎಂಬ ಅನುಮಾನ ಹೊಕ್ಕಿತು. ಕತ್ತು ತಾನಾಗಿಯೇ ತಿರುಗಿತು. ತಂಗಿ ಎರಡೂ ತಟ್ಟೆಗಳನ್ನು ಎತ್ತಿ ಹಿಡಿದು ನಿಂತಿದ್ದಳು. ಅವಳನ್ನು ನೋಡುವ ಭರದಲ್ಲಿ ಅಕ್ಕನ ಎಣಿಕೆಯೇ ಕೈತಪ್ಪಿತು. ಸಮಯವಾಯಿತೆಂದು ಅವಳು ತಲೆಯಾಡಿಸಿದಳು. ತಂಗಿ ನೇರವಾಗಿ ನೋಡಿದಳು, ಅಲುಗಲಿಲ್ಲ. ಅಕ್ಕ ಮತ್ತೆ ತಲೆಯಾಡಿಸಿದಳು. ಊಹೂಂ. ಇವಳ ಕೆಲಸ ಹೋಯಿತು ಎಂದುಕೊಂಡಳು ಅಕ್ಕ. ಹೇಗಾದರೂ ಮುಚ್ಚಿಹಾಕಬೇಕೆಂದು ಕಮಾನು ಎಳೆದೇಬಿಟ್ಟಳು.

ತುಂಬಿದ ಸಭೆಯಲ್ಲಿ ಚೆಲ್ಲೊ ಒಂಟಿಯಾಗಿ ಹೋರಿಯಂತೆ ಹೂಂಕರಿಸಿತು. ಯಾರೋ ಕಿಸಕ್ಕನೆ ನಕ್ಕರು. ಆಗಲೂ ತಂಗಿಯ ಕೈ ಕದಲಲಿಲ್ಲ. ಅಕ್ಕ ಕಮಾನನ್ನು ಎತ್ತಿ ಹಿಡಿದು ಬೆಪ್ಪಾಗಿ ಕೂತಿದ್ದಾಗ, ಸ್ವರಲಿಪಿಯಲ್ಲಿ ಬರೆದ ಜಾಗದಲ್ಲೇ ಸರಿಯಾಗಿ, ಸಿಂಬಲ್ ಮೊಳಗಿತು.

ಕಛೇರಿ ಮುಗಿದ ಮೇಲೆ ಪಕ್ಕದ ಕೋಣೆಯಲ್ಲಿ ಮೇಷ್ಟ್ರು ತಂಗಿಗೆ ಕೆಲಸ ಖಾಯಂ ಎಂದರು. ಅಕ್ಕನ ಮುಖ ನೋಡಿದರು, ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟುಹೋದರು. ನಾಲ್ಕು ಮಾತು ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

"ನಾನು ತಲೆ ಆಡ್ಸಿದ್ದು ಕಾಣ್ಲಿಲ್ವಾ?" ಎಂದು ಅಕ್ಕ ಕೇಳಿದಳು.

ತಂಗಿ ಸಿಂಬಲ್‌ಗಳಿಗೆ ಬಟ್ಟೆ ಸುತ್ತುತ್ತಿದ್ದಳು. "ಕಾಣ್ತು. ನೀನು ತಪ್ಪಿದ್ದೀಯ ಅಂತ ಗೊತ್ತಾಯ್ತು, ಅಕ್ಕ. ಹಂಗನ್ನಿಸಿದ್ದು ಇದೇ ಮೊದಲು. ಭಯ ಆಯ್ತು."

ಅಕ್ಕನಿಗೆ ಹೆಮ್ಮೆಯಾಯಿತು, ಸಂಕಟವೂ ಆಯಿತು. ನಡೆಯಲು ಕಲಿತಾಗಿನಿಂದ ತನ್ನ ಮುಖ ನೋಡಿಯೇ ಹೆಜ್ಜೆ ಇಟ್ಟವಳು ಇವಳು. ಚೆನ್ನಾಗಿ ಬಾರಿಸಿದೆ ಕಣೇ ಎನ್ನಲು ಹೋದಳು, ಅಳು ಬಂತು.