ಅಂಬುಬಾಯಿಯ ಬಾವಿಯೂ ಚಿಮಣಿ ಎಣ್ಣೆಯ ಹಾಳೆಯೂ

ಶಹಾಬಾದಿನ ಒಂದು ಓಣಿಯಲ್ಲಿ ಎರಡು ಮನೆಗಳಿಗೆ ಒಂದೇ ಬಾವಿ. ಸೈದಾನಬಿ ಮತ್ತು ಅಂಬುಬಾಯಿ ಹತ್ತು ವರ್ಷ ಕೂಡಿಯೇ ನೀರು ಸೇದಿದರು. ಒಂದು ಕೊಡ ತುಂಬಲು ಒಂದು ತಾಸು ಹಿಡಿಯುತ್ತಿತ್ತು. ಮಾತು ಮುಗಿಯಬೇಕಲ್ಲ!

ಎಂಬತ್ತಾರರ ಬೇಸಿಗೆಯಲ್ಲಿ ಪುರಸಭೆಯವರು ಆ ಬಾವಿಗೆ ಮುಳ್ಳುಬೇಲಿ ಬಡಿದು ಮುಚ್ಚಿದರು. ನೀರಿನಲ್ಲಿ ತಾಮ್ರ ಸೇರಿದೆ ಎಂದರು. ಎಲ್ಲಿಂದ ಸೇರಿತು ಎಂದು ಯಾರೂ ಕೇಳಬೇಕಾಗಿರಲಿಲ್ಲ. ಸೈದಾನಬಿಯ ಗಂಡ ಹಾಜಿಮಲಂಗ್ ಹಿತ್ತಲಲ್ಲಿ ಗಿಲೀಟು ಕೆಲಸ ಮಾಡುತ್ತಿದ್ದ. ಬಾಗಿಲ ಹಿಡಿಕೆಗಳಿಗೆ ತಾಮ್ರದ ಲೇಪ ಕೊಟ್ಟು, ತೊಳೆದ ನೀಲಿ ನೀರನ್ನು ಅಲ್ಲೇ ಚೆಲ್ಲುತ್ತಿದ್ದ.

ಅದಕ್ಕೂ ಮೊದಲು ಅಂಬುಬಾಯಿಯ ಮಗಳು ವಾಂತಿ ಮಾಡಿಕೊಳ್ಳುತ್ತಿದ್ದಾಗ, "ನೀರು ಕುದಿಸಿ, ಸೋಸಿ ಕೊಡವ್ವಾ, ಆರಾಮಾಗ್ತದ" ಎಂದಿದ್ದವಳು ಸೈದಾನಬಿಯೇ. ಕೂಸು ಇನ್ನಷ್ಟು ಬಳಲಿತು. ಬಾವಿ ಮುಚ್ಚಿದಂದಿನಿಂದ ಅಂಬುಬಾಯಿ ಸ್ಟೇಷನ್ ಬಳಿಯ ನಳಕ್ಕೆ ಹೋಗುತ್ತಿದ್ದಳು. ಆರು ತಿಂಗಳಾದರೂ ಇಬ್ಬರ ನಡುವೆ ಒಂದು ಮಾತಿರಲಿಲ್ಲ. ಸೈದಾನಬಿ ಎಷ್ಟು ಸಲ ಸುಮ್ಮಸುಮ್ಮನೆ ಹಿತ್ತಲ ಬಾಗಿಲಿಗೆ ಬಂದು ನಿಂತಳೋ ಲೆಕ್ಕವಿಲ್ಲ. ಗೆಳತಿಯ ದನಿ ಕೇಳದೆ ಜೀವ ಚಡಪಡಿಸುತ್ತಿತ್ತು.

ಸೈದಾನಬಿಯ ಅಕ್ಕನ ಮಗಳು ಮೆಹತಾಬ್ ಗುಲಬರ್ಗಾದ ಕಾಲೇಜೊಂದರ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ಒಂದು ದಿನ ತೆಳುವಾದ ಬಿಳಿ ಹಾಳೆಗಳನ್ನೂ ಸೀಮೆಎಣ್ಣೆಯಂತೆ ನಾರುವ ಎಣ್ಣೆಯ ಸೀಸೆಯನ್ನೂ ಹಿಡಿದು ಬಂದಳು. ಹಾಜಿಮಲಂಗ್ ಮೂಸಿ ನೋಡಿ ನಕ್ಕ.

"ಇದು ಚಿಮಣಿ ಎಣ್ಣಿ! ಇದರಿಂದ ನೀರು ಸ್ವಚ್ಛ ಆಗ್ತದೇನು ಬೇಟಿ?"

"ಇದರಾಗ ತಾಮ್ರ ಹಿಡಿಯೋ ಔಷಧ ಕೂಡಿಸೀವ್ರಿ ಖಾಲೂ. ಹಾಳ್ಯಾಗ ಕಣ್ಣಿಗಿ ಕಾಣಲಾರದಂಥ ತೂತು ಅವ. ಎಣ್ಣಿ ಅವುಗಳೊಳಗ ಕುಂದರ್ತದ. ಹಾಳಿ ಈ ಕಡಿ ನಿಮ್ಮ ನೀಲಿ ನೀರು, ಆ ಕಡಿ ತೇಜಾಬ. ತಾಮ್ರ ಎಣ್ಣಿ ದಾಟಿ ತೇಜಾಬಿಗಿ ಹೋಗ್ತದ. ನೀರು ಈ ಕಡೀನೇ ಉಳೀತದ."

ತೇಜಾಬು ಎಂಬ ಆಮ್ಲ ಏನೆಂದು ಗಿಲೀಟಿನವನಿಗೆ ಹೇಳಬೇಕಿಲ್ಲ. ಆದರೂ ಅವನು ತಲೆಯಾಡಿಸಿದ. "ನೋಡಮ್ ತಗೋ, ನಿನ್ನ ಜಾದೂ."

ಮೆಹತಾಬ್ ಒಣಗಿದ ಹಾಳೆಯನ್ನು ಎಣ್ಣೆಯಲ್ಲಿ ನೆನೆಹಾಕಿದಳು. ಮರುದಿನ ಬಿಳಿ ಹೋಗಿ ಅದು ಗಾಜಿನಂತೆ ಪಾರದರ್ಶಕವಾಗಿತ್ತು. ಎತ್ತಿ ಹಿಡಿದು ಸೋರಲು ಬಿಟ್ಟಳು, ಮೇಲಿನ ಎಣ್ಣೆಯನ್ನು ಬಟ್ಟೆಯಿಂದ ಮೆಲ್ಲಗೆ ಒರೆಸಿ ತಟ್ಟೆಯಲ್ಲಿಟ್ಟಳು. ಹಾಳೆಯನ್ನು ನಡುವೆ ಕೂರಿಸುವ ಎರಡು ಅಂಕಣದ ಪೆಟ್ಟಿಗೆಗೆ ಸೋರದಂತೆ ಹಾಕಲು ರಬ್ಬರ್ ತರಲೆಂದು ಪೇಟೆಗೆ ಹೋದಳು.

ಸೈದಾನಬಿಗೆ ಆ ವಾಸನೆಯದೇ ಚಿಂತೆಯಾಯಿತು. ಸಾಬೂನು ಹಚ್ಚಿ ಹಾಳೆಯನ್ನು ಚೆನ್ನಾಗಿ ತೊಳೆದು, ನೆರಳಲ್ಲಿ ಒಣಗಿಸಿ, ಇದ್ದಲ್ಲೇ ಇಟ್ಟಳು. ಮೆಹತಾಬ್ ಬಂದವಳೇ ಮುಸ್ಸಂಜೆಯ ಮಬ್ಬಿನಲ್ಲಿ ಅದನ್ನು ಸರಿಯಾಗಿ ನೋಡದೆ ಪೆಟ್ಟಿಗೆಗೆ ಕೂರಿಸಿ, ಒಂದು ಕಡೆ ನೀಲಿ ನೀರನ್ನೂ ಇನ್ನೊಂದು ಕಡೆ ತೇಜಾಬನ್ನೂ ತುಂಬಿದಳು.

ಬೆಳಗಾದರೆ ನೀರೂ ತೇಜಾಬೂ ಬೆರೆತು ಒಂದಾಗಿದ್ದವು. "ನಾ ಹೇಳ್ಲಿಲ್ಲಾ?" ಎಂದು ಹಾಜಿಮಲಂಗ್ ಮೀಸೆ ತಿರುವಿದ.

ಮೆಹತಾಬ್ ಹಾಳೆ ತೆಗೆದು ನೋಡಿದಳು. ಮತ್ತೆ ಬೆಳ್ಳಗಿತ್ತು! "ಖಾಲಾ, ಇದನ್ನ ತೊಳದೀರೇನು?"

ಸೈದಾನಬಿಯ ಕಣ್ಣು ತುಂಬಿ ಬಂತು. "ಹೌದವ್ವಾ. ನಾಳಿ ಬಾವಿ ತೆರದ್ರ ಅಂಬುಬಾಯಿ ನೀರಿಗಿ ನಾತ ಬರಬಾರದು ಅಂತ. ಆಕೀ ಇಲ್ದೆ ನನಗ ಹೊತ್ತೇ ಹೋಗಲ್ದು."

"ಅಳಬ್ಯಾಡ್ರಿ. ಎಣ್ಣಿ ಹೋದ್ರ ಹಾಳಿಗಿ ಜೀವಾನೇ ಇಲ್ಲ. ತೊಳೀಬಾರದು ಅಂತ ಹೇಳೋದು ನಾ ಮರತೆ. ಈ ಸಲ ನೀವೇ ಮಾಡ್ರಿ."

ಸೈದಾನಬಿ ತನ್ನ ಕೈಯಾರೆ ಹೊಸ ಹಾಳೆ ನೆನೆಸಿದಳು, ಸೋರಿಸಿದಳು, ಒರೆಸಿದಳು. ಮರುದಿನ ಸಂಜೆಗೆ ಈ ಕಡೆಯ ನೀಲಿ ತಿಳಿಯಾಗಿತ್ತು, ಆ ಕಡೆಯ ತೇಜಾಬು ನೀಲಿಗಟ್ಟಿತ್ತು. ಹಾಜಿಮಲಂಗ್ ಬಗ್ಗಿ ಬಗ್ಗಿ ನೋಡಿದ. "ಅರೆ, ಇಷ್ಟು ದಿನ ನನ್ನ ತಾಮ್ರದ ಮಾಲು ನಾನೇ ನೆಲಕ್ಕ ಚೆಲ್ಲಿದೆ!" ಅಂದಿನಿಂದ ಒಂದು ತಂಬಿಗೆ ನೀಲಿ ನೀರನ್ನೂ ಹೊರಗೆ ಚೆಲ್ಲಲಿಲ್ಲ.

"ಹಂಗಾರ ಬಾವಿ?" ಸೈದಾನಬಿ ಕೇಳಿದಳು.

"ಹೊಸಾ ವಿಷ ನಿಂತದ ಖಾಲಾ. ಹಳೇದು ಹೋಗಲಿಕ್ಕ ಭಾಳ ದಿನ ಬೇಕು. ಪರೀಕ್ಷಾ ಮಾಡಿ ಹೇಳೋತನಕ ಹನಿನೂ ಕುಡೀಬ್ಯಾಡ್ರಿ."

ಅಂಬುಬಾಯಿಯನ್ನು ಕಾಣಲು ಸೈದಾನಬಿ ಅಷ್ಟು ದಿನ ಕಾಯಲಿಲ್ಲ. ಮರುದಿನವೇ ಕೊಡ ಹಿಡಿದು ಸ್ಟೇಷನ್ ನಳಕ್ಕೆ ನಡೆದಳು. ಅಂಬುಬಾಯಿಯ ಹಿಂದೆ ಹೋಗಿ ನಿಂತಳು.

"ಕುದಿಸಿ ಕೊಡು ಅಂದದ್ದು ನನ್ನ ತಪ್ಪು ಅಂಬುಬಾಯಿ. ಚೆಲ್ಲಿದ್ದೂ ನಮ್ಮ ತಪ್ಪು. ಈಗ ಚೆಲ್ಲೋದು ನಿಲ್ಸೀವಿ."

ಅಂಬುಬಾಯಿ ನಳ ನಿಲ್ಲಿಸಿ ತಿರುಗಿದಳು. ಆಮೇಲೆ ತನ್ನ ಕೊಡ ಸರಿಸಿ ಜಾಗ ಬಿಟ್ಟಳು. "ತುಂಬ್ಕೋ. ಕೂಡೇ ಹೋಗಮ್."

ಓದುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಲೋಹ ಹೋಗುವುದಿಲ್ಲ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಲೋಹದ ನೀರನ್ನು ನೆಲಕ್ಕೆ ಚೆಲ್ಲಬೇಡಿ, ತಿಳಿದವರನ್ನು ಕೇಳಿ ಶುದ್ಧ ಮಾಡಿಸಿ. ಹಾಳೆ ಬಳಸುವವರು ಅದನ್ನು ತೊಳೆಯಬೇಡಿ, ಎಣ್ಣೆ ಕಡಿಮೆಯಾದಾಗ ಮತ್ತೆ ನೆನೆಸಿ. ಈ ಕೆಲಸವನ್ನು ಇವತ್ತೇ ಮಾಡಿ. ಕೆಟ್ಟ ಬಾವಿ ತಿಳಿಯಾಗಲು ವರ್ಷಗಳು ಬೇಕು, ಪಕ್ಕದ ಮನೆಯ ಕೂಸು ಅಷ್ಟು ದಿನ ಬಾಯಾರಿ ಕೂರಲಾಗದು.